ತಂಗಿಯ ಚರ್ಮ ಬೆಳೆಸಿದ ಅಕ್ಕ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಸುಟ್ಟ ಗಾಯದವರಿಗಾಗಿ ಚರ್ಮ ಬೆಳೆಸುತ್ತೇವೆ. ರೋಗಿಯದೇ ಉಗುರಗಲದ ಚರ್ಮ ತೆಗೆದು, ಅದರ ಕೋಶಗಳನ್ನು ಕಣ್ಣಿಗೇ ಕಾಣದ ನ್ಯಾನೊ ಎಳೆಗಳ ಜಾಲರಿಯ ಮೇಲೆ ಹರಡಿ, ದಿನ ಬಿಟ್ಟು ದಿನ ಪೋಷಕ ದ್ರವ ಬದಲಾಯಿಸಿದರೆ ಮೂರು ವಾರಕ್ಕೆ ಅಂಗೈಯಗಲದ ಹಾಳೆಗಳಾಗುತ್ತವೆ. ಹದಿನಾಲ್ಕು ವರ್ಷದಿಂದ ಆ ಕೆಲಸ ನೋಡಿಕೊಂಡವರು ಅಕ್ಕ. ಡಾಕ್ಟರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅವರ ಬಾಯಿಗೆ ನಾವೆಲ್ಲ ಹೆದರುತ್ತಿದ್ದೆವು. ಚರ್ಮದ ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲನ್ನು ದಿನಕ್ಕೆ ಎರಡೇ ಸಲ ತೆರೆಯಬೇಕು; ಹೆಚ್ಚು ತೆರೆದರೆ ಗಾಳಿಯ ಬೂಷ್ಟು ಒಳಸೇರುತ್ತದೆ. ತೆರೆದಾಗಲೆಲ್ಲ ಪಕ್ಕದ ಪುಸ್ತಕದಲ್ಲಿ ಬರೆಯಬೇಕು. ನಾನೊಮ್ಮೆ ಮೂರನೇ ಸಲ ತೆರೆದಾಗ, "ಹೆಪ್ಪು ಹಾಕಿದ ಹಾಲನ್ನ ಹೀಗೆ ಇಣುಕಿ ಇಣುಕಿ ನೋಡ್ತೀಯಾ? ಕೈ ಸುಮ್ನಿರಲ್ವಾ ನಿಂಗೆ?" ಎಂದು ಎಲ್ಲರೆದುರು ಬೆವರಿಳಿಸಿದ್ದರು.

ಅಂಥವರ ತಂಗಿಗೇ ಹಾಗಾಯಿತು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹಬೆಯ ಕೊಳವೆ ಒಡೆದು ಅವಳ ಬೆನ್ನು, ತೋಳು ಬೆಂದುಹೋದವು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಅಕ್ಕನೇ. ಹೊಸ ಚರ್ಮ ಬೇಗ ಹೊದಿಸದಿದ್ದರೆ ಸೋಂಕು ಅವಳನ್ನು ಉಳಿಸುವುದಿಲ್ಲ ಎಂದರು ಡಾಕ್ಟರು.

"ನನ್ನ ಕೈಯಲ್ಲೇ ಬೆಳೀಲಿ," ಎಂದರು ಅಕ್ಕ. ಯಾರೂ ಬೇಡ ಎನ್ನಲಿಲ್ಲ. ಎನ್ನಬೇಕಿತ್ತು.

ಹದಿನೇಳನೆಯ ದಿನ ದ್ರವ ಮಬ್ಬಾಯಿತು. ಬೂಷ್ಟು ಹಿಡಿದಿತ್ತು. ಪುಸ್ತಕ ತೆರೆದೆವು: ಹಿಂದಿನ ದಿನ ಹನ್ನೊಂದು ಸಲ, ಅದರ ಹಿಂದಿನ ದಿನ ಒಂಬತ್ತು ಸಲ. ಎಲ್ಲವೂ ಅಕ್ಕನದೇ ಗುಂಡು ಅಕ್ಷರ; ಒಂದನ್ನೂ ಮುಚ್ಚಿಟ್ಟಿರಲಿಲ್ಲ. ಅವರು ಹೀಗೆ ಪದೇ ಪದೇ ತೆರೆಯುತ್ತಿದ್ದುದು ಮೂರು ದಿನ ಮೊದಲೇ ನನ್ನ ಕಣ್ಣಿಗೆ ಬಿದ್ದಿತ್ತು. ಅವರಿಗೆ ಬುದ್ಧಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಆ ಸಿಟ್ಟು ಇವತ್ತಿಗೂ ನನ್ನ ಮೇಲೇ ಇದೆ.

ಅಕ್ಕ ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಂತರು.

"ಬಂತೇನಕ್ಕಾ ನನ್ನ ಚರ್ಮ?" ಎಂದಳು ತಂಗಿ.

"ಕೆಟ್ಟೋಯ್ತು ಕಣೇ. ನಾನೇ ಕೆಡಿಸ್ದೆ. ನೋಡ್ದೆ ಇರೋಕಾಗ್ಲಿಲ್ಲ."

ತಂಗಿ ಕೇಳಿದಳು: "ಹೆಂಗಿತ್ತು?"

"ಚೆನ್ನಾಗಿತ್ತು. ನೀನು ಹುಟ್ಟಿದಾಗ ಇತ್ತಲ್ಲ, ಹಂಗೆ."

ಮತ್ತೆ ಉಗುರಗಲ ತೆಗೆದು ಮೊದಲಿನಿಂದ ಶುರುಮಾಡಿದೆವು. ಈ ಸಲ ದ್ರವ ಬದಲಾಯಿಸುವ ಹೊತ್ತು ಬಿಟ್ಟರೆ ಅಕ್ಕ ಬಾಗಿಲು ಮುಟ್ಟಲಿಲ್ಲ. ಒಂಬತ್ತನೆಯ ದಿನ ತಂಗಿ ತೀರಿಕೊಂಡಳು.

ಅಂತ್ಯಕ್ರಿಯೆ ಮುಗಿಸಿದ ಮರುದಿನವೇ ಅಕ್ಕ ಕೆಲಸಕ್ಕೆ ಬಂದು ತಂಗಿಯ ತಟ್ಟೆಗಳಿಗೆ ದ್ರವ ಬದಲಾಯಿಸಿದರು. ದಿನ ಬಿಟ್ಟು ಮತ್ತೆ. ನಾವು ಕಂಡೂ ಕಾಣದಂತಿದ್ದೆವು. ಇಪ್ಪತ್ತೊಂದನೆಯ ದಿನ ಹಾಳೆಗಳು ಒಂದು ಕಲೆಯೂ ಇಲ್ಲದೆ ಸಿದ್ಧವಾದವು. ಬೇರೆಯವರ ಮೈಗೆ ಅವು ಹೊಂದುವುದಿಲ್ಲ, ಎಸೆದುಬಿಡಿ ಎಂದರು ಡಾಕ್ಟರು.

"ಇನ್ನೂ ಜೀವ ಇದೆಯಲ್ಲ ಸಾರ್," ಎಂದರು ಅಕ್ಕ.

ಡಾಕ್ಟರು ನನ್ನ ಕಡೆ ನೋಡಿದರು. ಅಕ್ಕನನ್ನು ಹೊರಗೆ ಕಳಿಸಿ, ತಟ್ಟೆಗಳಿಗೆ ಔಷಧ ಸುರಿದು ಅವನ್ನು ಕೊಂದವನು ನಾನು.