ಸದ್ದಿಲ್ಲದ ವಿಮಾನ

ರಾಯಚೂರಿನ ನಮ್ಮ ಓಣಿಯ ಡ್ರಾಯಿಂಗ್ ಮಾಸ್ತರರು ಯಾವ ವಸ್ತು ಸಿಕ್ಕರೂ ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ ತೂಗುತ್ತಿದ್ದರು. ನಾವು ಕೊಟ್ಟ ಚಹಾದ ಕಪ್ಪನ್ನೂ ಬಿಡುತ್ತಿರಲಿಲ್ಲ. "ತೂಕ ಇಳೀಬೇಕ್ರಿ" ಎನ್ನುವುದು ಆಗ ಅವರ ಬಾಯಿಗೆ ಅಂಟಿದ ಮಾತು.

ತೂಕ ಇಳಿಯಬೇಕಾಗಿದ್ದದ್ದು ತೀರಿಹೋದ ಅವರ ಮಗ ಕಟ್ಟಿದ್ದ, ನೆಲದಿಂದಲೇ ರೇಡಿಯೊ ರಿಮೋಟಿನಲ್ಲಿ ಹಾರಿಸುವ ಜೋಡಿ ರೆಕ್ಕೆಯ ಪುಟ್ಟ ವಿಮಾನದ್ದು. ಅದರ ಎಣ್ಣೆ ಎಂಜಿನ್ನು ಮನೆ ಹಿಂದಿನ ಹೊಲದಲ್ಲಿ ಚೀರಿದರೆ ಸಾಕು, ಮಾಸ್ತರರ ಹೆಂಡತಿ ಅಡಿಗೆ ಬಿಟ್ಟು ಹಿಂಬಾಗಿಲು ತೆರೆದು, "ಬಂದ್ಯೇನಪ್ಪಾ?" ಎಂದು ಮಗನನ್ನು ಕೇಳುತ್ತಿದ್ದರು.

"ಹಾರಿಸೋದ ಬಿಟ್ಟುಬಿಡ್ರಿ ಸರ್," ಎಂದೆ.

"ಮೂಲ್ಯಾಗ ಇಟ್ರ ಗೆದ್ದಲ ಹತ್ತತದ್ರಿ," ಎಂದರು.

ಸದ್ದೇ ಆಗದಿರಲೆಂದು ಎಂಜಿನ್ನು ಕಿತ್ತರು. ಹೈದರಾಬಾದಿನಿಂದ ಮೋಟಾರು, ಬ್ಯಾಟರಿ ತರಿಸಿ ಕೂರಿಸಿದರು. ಬ್ಯಾಟರಿಯ ಭಾರಕ್ಕೆ ವಿಮಾನ ನೆಲ ಬಿಡಲಿಲ್ಲ. ಎಣ್ಣೆಯ ಡಬ್ಬಿ ತೆಗೆದರು, ಬಣ್ಣವನ್ನೂ ಕೆರೆದರು. ಆದರೂ ಏಳಲಿಲ್ಲ. ಮಗ ಕಟ್ಟಿಗೆಯಲ್ಲಿ ಕೆತ್ತಿ ಕೂರಿಸಿದ್ದ ಪೈಲಟ್ ಗೊಂಬೆಯನ್ನು ನಾನು ತೋರಿಸಿದೆ. ಅವರು ಅದನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ತೆರೆಯಲು ಬಹಳ ಹೊತ್ತು ಹಿಡಿಯಿತು.

"ಇದಕ್ಕ ತೂಕ ಇಲ್ರಿ."

ಗೊಂಬೆಯನ್ನು ಮರಳಿ ಕೂರಿಸಿ, ಗಾಲಿಗಳನ್ನು ಬಿಚ್ಚಿದರು. "ಎರಿ ಹೊಲ ಅದ. ಉತ್ತ ಮಣ್ಣು ಮೆತ್ತಗ ಇರ್ತದ, ಹೊಟ್ಟಿ ಮ್ಯಾಲೆ ಇಳೀಲಿ."

ನಾನು ಕೈಯಿಂದ ತೂರಿದೆ. ವಿಮಾನ ಜಾಲಿ ಗಿಡಗಳ ಮೇಲೆ ಸದ್ದಿಲ್ಲದೆ ಸುತ್ತಿತು. ಮಾಸ್ತರರು ಅದನ್ನು ತಿರುಗಿಸುತ್ತಲೇ ಮತ್ತೆ ಮತ್ತೆ ಮನೆಯ ಹಿಂಬಾಗಿಲಿನತ್ತ ನೋಡುತ್ತಿದ್ದರು. ಅದು ತೆರೆಯಲಿಲ್ಲ.

ವಿಮಾನ ಇಳಿದ ಮೇಲೂ ಅವರು ಅತ್ತಲೇ ನೋಡುತ್ತ ನಿಂತಿದ್ದರು.