ದೊಡ್ಡಮ್ಮ ಬೊಂಬಾಯಿಯಲ್ಲಿ ತಿಂದದ್ದು

ಅರಸೀಕೆರೆ ಸ್ಟೇಷನ್ನಿನಲ್ಲಿ ಗುಮಾಸ್ತನಾಗಿದ್ದೆನಲ್ಲ, ರೈಲು ಗೊತ್ತಿದ್ದವನು ಅಂತ ಬೇಲೂರಿನ ದೊಡ್ಡಮ್ಮನನ್ನು ಬೊಂಬಾಯಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಅವಳ ಗಂಟಲಿನ ಹುಣ್ಣು ನೋಡಿದ ಅಲ್ಲಿನ ಡಾಕ್ಟರು, ಊರಿಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು.

ಆಸ್ಪತ್ರೆಯಿಂದ ಹೊರಗೆ ಬಂದಾಗ ದೀಪ ಹಚ್ಚುವ ಹೊತ್ತು. "ತಿಂಡಿ ಬೀದಿ ತೋರಿಸೋ" ಎಂದಳು. ಚಿಕ್ಕ ವಯಸ್ಸಿಗೇ ಗಂಡ ಸತ್ತು ಮಡಿ ಹಿಡಿದವಳು, ಹೋಟೆಲಿನ ನೀರೂ ಮುಟ್ಟಿದವಳಲ್ಲ. ಈಗ ಗಂಜಿಯೂ ಇಳಿಯುತ್ತಿರಲಿಲ್ಲ.

ಬಣ್ಣದ ದೀಪ, ರೇಡಿಯೋ ಹಾಡು, ನೂಕುನುಗ್ಗಲು. ಒಂದೊಂದು ಅಂಗಡಿಯ ಮುಂದೂ ನಿಂತು, "ಅದನ್ನ ತಿಂದು ಹೇಗಿದೆ ಹೇಳು" ಎನ್ನುವಳು. ಭೇಲ್‌ಪುರಿ ತಿಂದೆ, ಫಲೂದಾ ಕುಡಿದೆ. ಕೊನೆಗೆ ಒಂದು ಉಡುಪಿ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುತ್ತಿದ್ದಾಗ ಸಪ್ಲೈಯರ್ ತಡೆಯಲಾರದೆ ಅಂದ, "ಹಿರಿಯರನ್ನು ಎದುರು ಕೂರಿಸಿ ನೀವೊಬ್ಬರೇ ತಿನ್ನುದಾ ಮಾರಾಯ್ರೆ?"



"ನನ್ನ ಗಂಟಲು ಮುಚ್ಚಿದೆಯಪ್ಪ," ಎಂದಳು ದೊಡ್ಡಮ್ಮ. "ಅವನು ತಿಂತಾನೆ, ನಾನು ಕೇಳ್ತೀನಿ."

ಅವನು ಹೋಗಿ ಒಂದು ತಟ್ಟೆ ಹಲ್ವ ತಂದು ನನ್ನ ಮುಂದಿಟ್ಟ. ನಾನು ಹೇಳುವುದನ್ನು ಕೇಳಲು ತಾನೂ ನಿಂತ.

ಬೇಲೂರಿಗೆ ಬಂದವಳು ಎಲ್ಲವನ್ನೂ ತಾನೇ ತಿಂದ ಹಾಗೆ ವರ್ಣಿಸಿದಳು. ದೇವಸ್ಥಾನದ ಬೀದಿಯ ಮಡಿ ಹೆಂಗಸರು ಅದನ್ನು ನಂಬಿ, ಅವಳನ್ನು ತಮ್ಮ ಅಡುಗೆಮನೆಗೆ ಸೇರಿಸುವುದನ್ನೇ ಬಿಟ್ಟರು. ನಿಜ ಹೇಳಲು ಹೊರಟರೆ ನನ್ನನ್ನು ತಡೆದಳು.

"ಬೇಡ ಕಣೋ. ತಿಂದೋಳು ಅಂತಲೇ ಇರ್ಲಿ."

ಅವಳ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲೂ ಅದೇ ಗುಸುಗುಸು. ನಾನು ತಲೆಯೆತ್ತದೆ ಊಟ ಮಾಡಿದೆ. ಅವಳ ಪರವಾಗಿ ತಿನ್ನುವುದು ಅಷ್ಟು ಹೊತ್ತಿಗೆ ನನಗೆ ರೂಢಿಯಾಗಿತ್ತು.