ಅವ್ವನ ಕೈಗಾಗಿ ತುಂಬಿಸಿದ ಗಲ್ಲ

ಗಲ್ಲ ತುಂಬಿಸುವ ಇಂಜೆಕ್ಷನ್ ಅಂತೊಂದು ಇದೆ ಎಂದು ನನಗೆ ಮೊದಲು ಹೇಳಿದವಳು ನಮ್ಮ ಅಕ್ಕ. ಹಿರೇಕೆರೂರಿನಿಂದ ಫೋನ್ ಮಾಡಿದ್ದಳು. ನಾನು ಹಾನಗಲ್ಲಿನ ನನ್ನ ಅಂಗಡಿಯಲ್ಲಿ ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದೆ. ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಏನನ್ನೇ ಕಂಡರೂ ಅದರ ಒಳಮೈ ಹೇಗಿದೆ ಎಂದು ತಿರುವಿ ನೋಡುವುದು ನನ್ನ ಚಟ. ಹೀಗಾಗಿ ಬೇಡ ಅನ್ನುವ ಬದಲು, "ಏನ್ ತುಂಬ್ತಾರಂತ ಅದರಾಗ?" ಎಂದು ಕೇಳಿದೆ.

"ಅದನ್ನ ಕೇಳಾಕಂತನ ನಿನ್ನ ಕರ್ಕೊಂಡ್ ಹೊಂಟೇನಿ," ಎಂದಳು ಅಕ್ಕ. "ಡಾಕ್ಟರ ಮುಂದ ನಂಗ ಬಾಯಿ ತಗ್ಯಾಕ ಬರಂಗಿಲ್ಲ. ನಿಂಗ ಮುಚ್ಚಾಕ ಬರಂಗಿಲ್ಲ."

ಅಕ್ಕ ಶೋಕಿಯ ಹೆಂಗಸಲ್ಲ. ಐವತ್ತು ದಾಟಿದೆ, ಪೌಡರ್ ಸಹ ಹಚ್ಚುವುದಿಲ್ಲ. ಹಿಂದಿನ ವರ್ಷ ಅವಳಿಗೆ ಕರುಳಿನ ಟಿ.ಬಿ. ಆಗಿತ್ತು. ತಿಂಗಳುಗಟ್ಟಲೆ ಗುಳಿಗೆ ನುಂಗಿ ರೋಗ ವಾಸಿಯಾಯಿತು, ಊಟ ಸೇರತೊಡಗಿತು, ಮೈಗೆ ಒಂದಿಷ್ಟು ಬಲವೂ ಬಂತು. ಹೋದ ಗಲ್ಲ ಮಾತ್ರ ಬರಲಿಲ್ಲ. ಚಿಕ್ಕಂದಿನಿಂದ ಅವಳದು ದುಂಡು ಮುಖ. ಈಗ ಕಣ್ಣಿನ ಕೆಳಗಿಂದ ದವಡೆಯವರೆಗೆ ಎರಡೂ ಬದಿ ತಗ್ಗು ಬಿದ್ದಿತ್ತು.

ಈ ತಗ್ಗಿನ ಸಮಸ್ಯೆ ಕನ್ನಡಿಯದಲ್ಲ, ನಮ್ಮ ಅವ್ವನದು. ಅವ್ವನಿಗೆ ಕಣ್ಣು ಕಾಣುವುದಿಲ್ಲ. ಒಳಗಿನ ಒತ್ತಡ ಏರಿ ನರ ಸತ್ತು ಎರಡೂ ಕಣ್ಣು ಹೋದ ಮೇಲೆ ಹಾನಗಲ್ಲಿನಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಮನೆಗೆ ಮಕ್ಕಳು ಮೊಮ್ಮಕ್ಕಳು ಯಾರೇ ಬರಲಿ, ಎದುರಿಗೆ ಕೂರಿಸಿಕೊಂಡು ಎರಡೂ ಅಂಗೈಯಿಂದ ಗದ್ದದಿಂದ ಕಿವಿಯವರೆಗೆ ಗಲ್ಲ ಸವರುತ್ತಾಳೆ. ಆಮೇಲೆ ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾಳೆ. ನಮ್ಮ ಕಡೆ ಎಲ್ಲ ಹಿರಿಯ ಹೆಂಗಸರೂ ಹೀಗೆ ಮಾಡುತ್ತಾರೆ. ಆದರೆ ಅವ್ವನಿಗೆ ಅದೇ ನೋಟ. ಗಲ್ಲ ಸವರಿಯೇ ಅವಳು, "ಯಾಕ, ಪರೀಕ್ಷೆ ಬಂದಾವೇನು, ಊಟ ಬಿಟ್ಟಿ?" ಎಂದು ಮೊಮ್ಮಗನನ್ನು ಹಿಡಿದದ್ದುಂಟು.

ಟಿ.ಬಿ. ಎಂಬ ಹೆಸರು ಕೇಳಿದರೆ ಓಣಿಗೆ ಓಣಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲದವಳು ಅವ್ವ. ಅವಳ ಮಟ್ಟಿಗೆ ಅದು ವಾಸಿಯಾಗುವ ರೋಗವಲ್ಲ, ಸಾವಿನ ಇನ್ನೊಂದು ಹೆಸರು. ಹಾಗಾಗಿ ಅವಳಿಗೆ ಹೇಳಕೂಡದೆಂದು ಅಕ್ಕ ಆಣೆ ಹಾಕಿಸಿದ್ದಳು. ಹೇಳದಿರಬೇಕೆಂದರೆ ಅವ್ವನ ಕೈಗೆ ಸಿಗದಿರಬೇಕು. ಹಿಂದಿನ ನಾಗರಪಂಚಮಿಗೂ ಅಕ್ಕ ಬರಲಿಲ್ಲ. ನಮ್ಮಲ್ಲಿ ದೀಪಾವಳಿ ತಪ್ಪಿದರೂ ನಡೆದೀತು, ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ತಪ್ಪುವಂತಿಲ್ಲ. ಫೋನಿನಲ್ಲಿ ಅಕ್ಕ ಒಮ್ಮೆ ಬಸ್ಸಿನ ನೆಪ ಹೇಳಿದಳು, ಒಮ್ಮೆ ಗೋವಿನಜೋಳದ ರಾಶಿಯ ನೆಪ ಹೇಳಿದಳು. ಬರಬರುತ್ತ ಅವ್ವ ಫೋನಿಗೆ ಬರುವುದನ್ನೇ ಬಿಟ್ಟಳು. ಈ ಪಂಚಮಿಗೆ ಹೋಗಲೇಬೇಕು, ಅವ್ವನ ಕೈಗೆ ಮೊದಲಿನ ಗಲ್ಲವೇ ಸಿಗಬೇಕು, ಇಷ್ಟೇ ಅಕ್ಕನ ಆಸೆ.

ಡಾಕ್ಟರಿಗಿಂತ ಮೊದಲು ನಾವೊಂದು ಪ್ರಯೋಗ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ನಾನು ಹಿರೇಕೆರೂರಿಗೆ ಹೋದಾಗ ಸವಣೂರಿನ ವೀಳ್ಯದೆಲೆ ಒಂದು ಕಟ್ಟು ಒಯ್ದಿದ್ದೆ. ಮಡಚಿದ ಎಲೆಯನ್ನು ಎರಡೂ ದವಡೆಗೆ ಒತ್ತಿಕೊಂಡು ಅಕ್ಕ ಕನ್ನಡಿಯ ಮುಂದೆ ನಿಂತಳು. ನೋಡಲು ಪರವಾಗಿರಲಿಲ್ಲ. ನಾನು ಕಣ್ಣು ಮುಚ್ಚಿ ಅವ್ವನ ಹಾಗೆ ಸವರಿದೆ. ಗಲ್ಲದಲ್ಲಿ ಗೋಟಡಿಕೆ ಬಚ್ಚಿಟ್ಟುಕೊಂಡ ಹಾಗಿತ್ತು. ಇಬ್ಬರಿಗೂ ನಗು ತಡೆಯದೆ ಅಕ್ಕ ಎಲೆ ಉಗುಳಿದಳು.

ಹುಬ್ಬಳ್ಳಿಯ ಚರ್ಮದ ಡಾಕ್ಟರೊಬ್ಬರು ವಾರಕ್ಕೊಮ್ಮೆ ಶಿಗ್ಗಾವಿಗೆ ಬಂದು ಕೂರುತ್ತಿದ್ದರು. ಅಕ್ಕ ಬಂದ ಬಸ್ಸು ಹಾನಗಲ್ಲಿನಲ್ಲಿ ನಿಂತಾಗ ನಾನು ಹತ್ತಿಕೊಂಡೆ. ಅವ್ವ ಇರುವ ಮನೆ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿದೆ. ಅಕ್ಕ ಆ ಕಡೆ ನೋಡದೆ ತಲೆ ತಗ್ಗಿಸಿ ಕೂತಿದ್ದಳು.

ಡಾಕ್ಟರು ನಮಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತುರಿಕೆ, ಗಜಕರ್ಣದವರ ಸಾಲು ಮುಗಿದ ಮೇಲೆ ನಮ್ಮನ್ನು ಒಳಗೆ ಕರೆದರು. "ಹೇಳ್ರಿ, ಹೆಂಗ ಕಾಣಬೇಕ್ರಿ ನಿಮಗ?" ಎಂದರು.

"ಕಾಣೂದು ಹೆಂಗರ ಇರ್ಲಿರಿ," ಎಂದೆ ನಾನು. "ಮುಟ್ಟಿದ್ರ ಖರೇ ಗಲ್ಲದಂಗ ಹತ್ತಬೇಕ್ರಿ."

ಅವರು ಪೆನ್ನು ಕೆಳಗಿಟ್ಟರು. "ಕಾಣೂದು ಹೆಂಗ ಅಂತ ಎಲ್ಲಾರೂ ಕೇಳ್ತಾರ್ರಿ. ಮುಟ್ಟಿದ್ರ ಹೆಂಗ ಅಂತ ಇಲ್ಲಿ ತನಕ ಯಾರೂ ಕೇಳಿದ್ದಿಲ್ಲ."

ಅಕ್ಕ ಅವ್ವನ ವಿಷಯ ಹೇಳಿದಳು. ಡಾಕ್ಟರು ಎದ್ದು ಬಂದು ಕಣ್ಣು ಮುಚ್ಚಿಕೊಂಡು ಅಕ್ಕನ ಗಲ್ಲವನ್ನು ತಾವೂ ಸವರಿ ನೋಡಿದರು. ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ನನ್ನ ಪ್ರಶ್ನೆಗಳು ಶುರುವಾದವು. ಮುಖ ತುಂಬುವ ಸರಕಿನಲ್ಲಿ ಹಲವು ಜಾತಿ ಇವೆಯಂತೆ. ಹೆಚ್ಚಾಗಿ ಬಳಸುವುದು ಹೈಲುರಾನಿಕ್ ಆಸಿಡ್. ಹೆಸರು ಕೇಳಿ ಅಕ್ಕ, "ಆಸಿಡ್ ಅಂದ್ರ ಸುಡಂಗಿಲ್ಲೇನ್ರಿ?" ಎಂದು ಹಿಂದೆ ಸರಿದಳು. ಸುಡುವುದಿಲ್ಲ. ಅದು ನಮ್ಮ ಚರ್ಮದಲ್ಲಿ ಮೊದಲೇ ಇರುವ ವಸ್ತು, ನೀರನ್ನು ಹಿಡಿದುಕೊಂಡು ಕೂರುತ್ತದೆ. ಅದನ್ನೇ ಜೆಲ್ ಮಾಡಿ ಸಿರಿಂಜಿಗೆ ತುಂಬಿರುತ್ತಾರೆ. ತುಟಿಗೆ ಮೆತ್ತನೆಯದು, ಕೆನ್ನೆಯ ಎಲುಬಿನ ಮೇಲೆ ಗಟ್ಟಿಯದು. ಬೇಡವೆನಿಸಿದರೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಎರಡನೆಯದು ಕ್ಯಾಲ್ಸಿಯಮ್ಮಿನದು. ಎಲುಬು ಹಲ್ಲುಗಳಲ್ಲಿ ಇರುವಂಥದೇ ವಸ್ತುವಿನ ಸಣ್ಣ ಸಣ್ಣ ಕಾಳು, ದವಡೆಯ ಗೆರೆ ಎದ್ದು ಕಾಣಬೇಕೆಂದರೆ ಅದು ಒಳ್ಳೆಯದು, ಆದರೆ ಕೈಗೆ ಬಿರುಸು.

ಮೂರನೆಯದನ್ನು ಕೇಳಿ ನಾನು ಕುರ್ಚಿಯ ತುದಿಗೆ ಬಂದೆ. ಪಾಲಿಲ್ಯಾಕ್ಟಿಕ್ ಎಂದೇನೋ ಹೆಸರು. ಆಪರೇಷನ್ನಿನಲ್ಲಿ ಹಾಕುವ, ತಾನಾಗಿಯೇ ಕರಗುವ ಹೊಲಿಗೆಯ ದಾರ ಇದೆಯಲ್ಲ, ಅದೇ ಕುಲದ್ದಂತೆ. ಅದು ತಾನು ತುಂಬಿಕೊಳ್ಳುವುದಿಲ್ಲ. ಒಳಗೆ ಹೋಗಿ ಚರ್ಮವನ್ನು ಕೆಣಕುತ್ತದೆ, ಚರ್ಮ ತನ್ನ ಮಾಂಸದ ದಾರವನ್ನು ತಾನೇ ನೇಯ್ದುಕೊಳ್ಳುತ್ತದೆ. ನನಗೆ ಅದೇ ಬೇಕೆನಿಸಿತು. ಆದರೆ ಅದಕ್ಕೆ ಮೂರು ನಾಲ್ಕು ಸಲ ಬರಬೇಕು, ಗಲ್ಲ ತುಂಬಲು ತಿಂಗಳುಗಳು ಬೇಕು. ಪಂಚಮಿ ಅಷ್ಟು ಕಾಯುವುದಿಲ್ಲ.

"ಹೊಟ್ಟಿ ಬೊಜ್ಜು ತಗದು ಗಲ್ಲಕ್ಕ ತುಂಬೂದೂ ಐತ್ರಿ," ಎಂದರು ಡಾಕ್ಟರು. ಅಕ್ಕನ ಹೊಟ್ಟೆಯ ಕಡೆ ನೋಡಿ, "ನಿಮ್ಮಲ್ಲಿ ಆ ದಂಧೆ ನಡಿಯಂಗಿಲ್ಲ ಬಿಡ್ರಿ," ಎಂದು ನಕ್ಕರು.

"ನನ್ನಲ್ಲಿ ಭಾಳ ಐತ್ರಿ, ತಗೋರಿ," ಎಂದೆ. ಇನ್ನೊಬ್ಬರದು ನಡೆಯುವುದಿಲ್ಲವಂತೆ. ಒಡಹುಟ್ಟಿದವರದೂ ನಡೆಯುವುದಿಲ್ಲವೇ ಎಂದು ಕೇಳಿ ನೋಡಿದೆ, ಅದೂ ಇಲ್ಲ. ಜೀವಮಾನವಿಡೀ ಉಳಿಯುವ ಸರಕೂ ಒಂದಿದೆಯಂತೆ, ಆದರೆ ಕೆಟ್ಟರೆ ತೆಗೆಯಲು ಬರುವುದಿಲ್ಲ ಎಂದು ಅವರು ಅದನ್ನು ಮುಟ್ಟುವುದಿಲ್ಲ.

ಕೊನೆಗೆ ಅಪಾಯದ ಮಾತು ಬಂತು. ಸೂಜಿ ರಕ್ತನಾಳದೊಳಗೆ ಹೋದರೆ ಅಲ್ಲಿನ ಚರ್ಮ ಸಾಯಬಹುದು, ಎಲ್ಲೋ ಅಪರೂಪಕ್ಕೆ ಕಣ್ಣೂ ಹೋಗಬಹುದು ಎಂದರು. ನನ್ನ ಕುತೂಹಲವೆಲ್ಲ ಅಲ್ಲಿಗೆ ಇಳಿದುಹೋಯಿತು. ಹೊರಗೆ ಬಂದವಳೇ, "ಬ್ಯಾಡಕ್ಕ. ನಮ್ಮ ಮನ್ಯಾಗ ಒಬ್ಬರ ಕಣ್ಣು ಹೋಗಿದ್ದು ಸಾಕು," ಎಂದೆ. ಅಕ್ಕ ಕೇಳಲಿಲ್ಲ.

ಗುಳಿಗೆಯ ಕೋರ್ಸ್ ಮುಗಿದ ಚೀಟಿ, ರಕ್ತ ಪರೀಕ್ಷೆ ಎಲ್ಲ ನೋಡಿದ ಮೇಲೆಯೇ ಸೂಜಿ ಎಂದು ಡಾಕ್ಟರು ಹಟ ಹಿಡಿದದ್ದರಿಂದ ಪಂಚಮಿ ತಲೆಯ ಮೇಲೆ ಬಂತು. ಹುಬ್ಬಳ್ಳಿಯಲ್ಲಿ ಮೊದಲು ಹೇಳಿದ ಆ ನೀರು ಹಿಡಿಯುವ ಜೆಲ್ಲಿನದೇ ಇಂಜೆಕ್ಷನ್ ಆಯಿತು. ಜುಮ್ಮು ಹಿಡಿಸುವ ಕ್ರೀಮು ಹಚ್ಚಿ, ಒಂದು ಸಣ್ಣ ತೂತು ಮಾಡಿ, ಅಲ್ಲಿಂದ ಮೊನೆಯಿಲ್ಲದ ಉದ್ದನೆಯ ಸೂಜಿ ತೂರಿಸಿದರು. ರಕ್ತನಾಳಕ್ಕೆ ಚುಚ್ಚದಿರಲಿ ಎಂದು ಮೊನೆ ತೆಗೆದಿರುತ್ತಾರಂತೆ. ಇಷ್ಟು ವರ್ಷ ಸೂಜಿ ಹಿಡಿದಿದ್ದೇನೆ, ಮೊನೆಯಿಲ್ಲದ ಸೂಜಿಯಿಂದಲೂ ಕೆಲಸವಿದೆ ಎಂದು ಗೊತ್ತಿರಲಿಲ್ಲ. ನೋಡನೋಡುತ್ತ ಅಕ್ಕನ ಗಲ್ಲ ಮೇಲೆದ್ದು ಬಂತು. ನನಗೆ ನಮ್ಮ ಹಳೆಯ ಅಕ್ಕ ಕಂಡಳು.

"ಎರಡು ವಾರ ಗಲ್ಲ ಒತ್ತಬ್ಯಾಡ್ರಿ, ತಿಕ್ಕಬ್ಯಾಡ್ರಿ," ಎಂದರು ಡಾಕ್ಟರು. "ಸ್ವಲ್ಪ ಬಾವು ಇರತೈತಿ, ಇಳೀತೈತಿ."

ಪಂಚಮಿಗೆ ಎರಡು ವಾರ ಎಲ್ಲಿತ್ತು? ಅಕ್ಕನ ಗಲ್ಲದ ಬಾವು ಪೂರ್ತಿ ಇಳಿಯುವ ಮೊದಲೇ ಹಬ್ಬ ಬಂತು. ಆಕೆಗೆ ಹಲ್ಲುನೋವು, ಮೆಲ್ಲಗೆ ಮುಟ್ಟು ಎಂದು ಅವ್ವನಿಗೆ ನಾನು ಮೊದಲೇ ಹೇಳಿಟ್ಟೆ. ಅವ್ವ ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಳು.

ಅಕ್ಕ ಬಂದು ಎದುರಿಗೆ ಕೂತಳು. ಅವ್ವ ಕೈ ಒರೆಸಿಕೊಂಡು ಬೆರಳ ತುದಿಯಿಂದ ಗಲ್ಲ ಸವರಿದಳು. ಅವಳ ಕೈ ಅರ್ಧಕ್ಕೆ ನಿಂತಿತು.

"ಬಾತೈತಲ್ಲ ಇದು," ಎಂದಳು ಅವ್ವ.

"ಹಲ್ಲುನೋವವ್ವ," ಎಂದಳು ಅಕ್ಕ.

"ಎರಡೂ ಕಡೆ ಹಲ್ಲುನೋವು?" ಎನ್ನುತ್ತಲೇ ಅವ್ವ ಹೆಬ್ಬೆರಳಿಂದ ಗಲ್ಲವನ್ನು ಒತ್ತಿ ಹಿಡಿದು ಬಿಟ್ಟಳು. ಅಕ್ಕ ನೋವಿಗೆ ಮುಖ ಹಿಂಡಿದಳು. ಆ ಒತ್ತುವಿಕೆ ಏನೆಂದು ನನಗೆ ಗೊತ್ತು. ಅಪ್ಪನಿಗೆ ಮೂತ್ರಪಿಂಡ ಕೆಟ್ಟಾಗ ಮೊದಲು ಬಾತದ್ದು ಮುಖ. ಒತ್ತಿದರೆ ಕುಳಿ ಬೀಳುತ್ತದೆಯೇ ಎಂದು ಅವ್ವ ದಿನವೂ ಬೆಳಿಗ್ಗೆ ಹೀಗೆಯೇ ನೋಡುತ್ತಿದ್ದಳು. ಆರು ತಿಂಗಳಿಗೆ ಅಪ್ಪ ಹೋದ.

"ನಿಮ್ಮಪ್ಪಗೂ ಗಲ್ಲದಾಗನ ಸುರು ಆಗಿತ್ತು," ಎಂದಳು ಅವ್ವ. "ಡಾಕ್ಟರಿಗೆ ತೋರ್ಸೀರಿಲ್ಲ? ನಂಗ್ಯಾಕ ಹೇಳಲಿಲ್ಲ ನೀವು?"

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆವು. ಮುಗಿದುಹೋದ ರೋಗವನ್ನು ಮುಚ್ಚಲು ಹೋಗಿ, ಅವಳು ಎಲ್ಲಕ್ಕಿಂತ ಹೆಚ್ಚು ಅಂಜುವ ರೋಗವನ್ನೇ ಅವಳ ಕೈಗೆ ಕೊಟ್ಟಿದ್ದೆವು. ಅಕ್ಕ ನನ್ನ ಕಡೆ ನೋಡಿದಳು. ಇನ್ನು ಹೇಳದೆ ದಾರಿಯಿರಲಿಲ್ಲ.

"ಬಾವಲ್ಲವ್ವ. ಇಂಜೆಕ್ಷನ್ ಕೊಟ್ಟು ಗಲ್ಲ ತುಂಬಿಸ್ಕೊಂಡೇನಿ," ಎಂದು ಶುರು ಮಾಡಿ ಅಕ್ಕ ಎಲ್ಲವನ್ನೂ ಹೇಳಿದಳು. ಟಿ.ಬಿ. ಎಂಬ ಹೆಸರನ್ನೂ ಹೇಳಿದಳು. ವಾಸಿಯಾಗಿದೆ ಎಂದು ಮತ್ತೆ ಮತ್ತೆ ಹೇಳಿದಳು.

ಅವ್ವ ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ನೀರಿನ ತಂಬಿಗೆ ಹತ್ತಿರ ಎಳೆದುಕೊಂಡಿದ್ದೆ. ಅವಳು ಕೇಳಿದ್ದು ಮಾತ್ರ, "ಏನ್ ತುಂಬ್ಯಾರ ಅದರಾಗ?" ಎಂದು. ನನ್ನ ಚಟ ಎಲ್ಲಿಂದ ಬಂದದ್ದೆಂದು ನನಗೆ ಆಗ ತಿಳಿಯಿತು. ನೀರು ಹಿಡಿದಿಟ್ಟುಕೊಳ್ಳುವ ಲೋಳೆಯಂಥದ್ದು, ವರ್ಷೊಪ್ಪತ್ತಿನಲ್ಲಿ ಕರಗಿಹೋಗುತ್ತದೆ ಎಂದೆ.

"ನನ್ನ ಕೈಗೆ ಗೊತ್ತಾಗಬಾರ್ದಂತ ಇಷ್ಟೆಲ್ಲಾ ಮಾಡಿದಿ," ಎಂದಳು ಅವ್ವ.

"ನೀ ಸಂಕಟ ಮಾಡ್ಕೋತಿ ಅಂತವ್ವ."

ಅವ್ವ ಒಂದೇ ದನಿಯಲ್ಲಿ ಹೇಳಿದಳು. "ಹ್ವಾದ ಪಂಚಮಿಗೆ ನೀ ಬರಲಿಲ್ಲ. ಅವತ್ತಿಂದ ದಿನಾ ದೀಪಾ ಹಚ್ಚೂ ಹೊತ್ತಿನ್ಯಾಗ ಮನಸಿನ್ಯಾಗ ಅಂತಿದ್ದೆ. ಹಡದಾಕಿನ್ನ ಮರತಾಳ, ಆಕಿ ಮಕ್ಕಳೂ ಆಕಿನ್ನ ಹಿಂಗ ಮರೀಲಿ ಅಂತ. ನೀ ಅಲ್ಲೆ ಗುಳಿಗಿ ನುಂಗಿ ಒದ್ದಾಡಾಕತ್ತಿದ್ದಿ. ನಾ ಇಲ್ಲೆ ದೇವರ ಮುಂದ ಕುಂತು ನಿಂಗ ಶಾಪಾ ಹಾಕಾಕತ್ತಿದ್ದೆ. ನನ್ನ ಕೈಗೆ ಅಂಜಿದಿ ನೀ. ಅಂಜೂದಿದ್ರ ನನ್ನ ಬಾಯಿಗೆ ಅಂಜಬೇಕಿತ್ತು."

ಅಕ್ಕನಿಗೆ ಅಳು ತಡೆಯಲಿಲ್ಲ, ನನಗೂ. ಅವ್ವ ಅಳಲಿಲ್ಲ. ಗಲ್ಲದಿಂದ ಕೈ ತೆಗೆದು ಅಕ್ಕನ ಕುತ್ತಿಗೆಯ ಎಲುಬು ಮುಟ್ಟಿದಳು. ಅಲ್ಲಿಂದ ತೋಳಿಗೆ ಬಂದು, ಸಡಿಲವಾದ ಬಳೆಗಳನ್ನು ಮೊಣಕೈಯವರೆಗೆ ಸರಿಸಿ, ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು.

"ಇನ್ನ ಎಲ್ಲೆಲ್ಲಿ ಸೊರಗೀದಿ, ತೋರಸು," ಎಂದಳು.